ಕಾಗದದ ಹೆಸರು

ಹೆಸರು ಹಿಡಿದು ಕರೆದ ಕೂಡಲೇ ಆಕೆ ಕಣ್ಣು ತೆರೆದಳು. ಎಲೋಯ್‌ಗೆ ಸರಿಕಾಣದೆ ಹೋದದ್ದು ಅದೇ. ಎರಡು ತಿಂಗಳಿಂದ, ಮಂಗಳವಾರ ಗುರುವಾರ ಶನಿವಾರ, ಅವನು ಆಕೆಯನ್ನು ದೋನ್ಯ ಎದುವಿಹೆಸ್ ಎಂದು ಮರ್ಯಾದೆಯಿಂದಲೇ ಕರೆಯುತ್ತ ಬಂದಿದ್ದ. ಒಂದು ದಿನವಾದರೂ ಆಕೆ ಮೊದಲ ಕರೆಗೆ ತಿರುಗಿದವಳಲ್ಲ. ಎರಡನೆಯ ಸಲಕ್ಕೆ ಪಕ್ಕದ ಮನೆಯವರನ್ನು ಯಾರೋ ಕೇಳಿಕೊಂಡು ಬಂದಿದ್ದಾರೆ ಎಂಬಂತೆ ಅತ್ತಿತ್ತ ನೋಡುವಳು, ಮೂರನೆಯದಕ್ಕೆ ‘ಓ, ನನ್ನನ್ನಾ?’ ಎನ್ನುವಳು. ಕಿವಿ ಮಂದ ಎಂದು ಅವನು ಫೈಲಿನಲ್ಲಿ ಬರೆದೂ ಇದ್ದ. ಇವತ್ತು ಆ ಕಪ್ಪು ಕನ್ನಡಕದ ಪಟ್ಟಿ ಸಡಿಲಿಸಿ, ಮುಖದಿಂದ ಅದನ್ನು ಎತ್ತಿ, ‘ಎದುವಿಹೆಸ್, ಬಾ, ಅಲ್ಲೇ ಉಳೀಬೇಡ’ ಎಂದು ಮೂರು ಸಲ ಕರೆದಾಗ, ಮೊದಲ ಕರೆ ಮುಗಿಯುವಷ್ಟರಲ್ಲೇ, ಇಷ್ಟು ಹೊತ್ತೂ ಆ ಕರೆಗೇ ಕಾದು ಕುಳಿತಿದ್ದ ಹಾಗೆ ರೆಪ್ಪೆಗಳು ಥಟ್ಟನೆ ಮೇಲೆದ್ದವು. ಅವನ ಮುಖ ನೋಡಿ ನಕ್ಕಳು. ಹಲ್ಲು ಬಿದ್ದ ಬಾಯನ್ನು ಶಾಲಿನ ಅಂಚಿನಿಂದ ಮುಚ್ಚಿಕೊಂಡೇ ನಗುತ್ತಿದ್ದವಳು ಇವತ್ತು ಮುಚ್ಚಿಕೊಳ್ಳಲಿಲ್ಲ. ಸೂಜಿಯಿಲ್ಲದ ಬಲಗೈಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು, ಹಿಂದೆ ಮುಂದೆ ತಿರುಗಿಸಿ, ಚರ್ಮದ ಸುಕ್ಕುಗಳನ್ನು ಮೂಗಿನಿಂದ ಮೂಸುವಷ್ಟು ಹತ್ತಿರ ಹಿಡಿದು, ಅಯ್ಮಾರ ಭಾಷೆಯಲ್ಲಿ ಕೇಳಿದಳು:

‘ಇದು ಯಾರ ಕೈ?’

ಅವನಿಗೆ ಅರ್ಥವಾಯಿತು. ಅರ್ಥವಾಗದವನಂತೆ ಸ್ಪ್ಯಾನಿಷ್‌ನಲ್ಲಿ, ‘ಎಲ್ಲ ಸರಿಯಾಗಿದೆ ಅಮ್ಮ, ನೀವು ಆಸ್ಪತ್ರೆಯಲ್ಲಿದೀರಿ’ ಎಂದ. ಈ ಆಸ್ಪತ್ರೆಗೆ ಸೇರಿ ಹನ್ನೊಂದು ವರ್ಷವಾದರೂ ಒಂದೇ ಒಂದು ಸಲದ ಹೊರತು ಅವನು ತನ್ನ ಅಜ್ಜಿಯ ಭಾಷೆಯನ್ನು ಇಲ್ಲಿನ ನೆಲದ ಮೇಲೆ ಆಡಿದವನಲ್ಲ. ಮೊದಲ ವಾರದಲ್ಲೇ ಒಬ್ಬ ಮುದುಕನಿಗೆ ಅದರಲ್ಲಿ ಉತ್ತರ ಕೊಟ್ಟಾಗ, ‘ನೋಡಿದ್ರಾ, ನಮ್ಮ ಟೆಕ್ನಿಷಿಯನ್ ಸಂತೆಯಿಂದ ನೇರವಾಗಿ ಬಂದಿದ್ದಾರೆ’ ಎಂದು ಯಾರೋ ನಕ್ಕಿದ್ದರು, ಅವನೂ ಜೊತೆಗೆ ನಕ್ಕಿದ್ದ. ಆ ನಗು ಈಗಲೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತ್ತು. ಆಕೆ ಅವನ ಸ್ಪ್ಯಾನಿಷ್ ಮಾತನ್ನು ಬಾಯಿ ತೆರೆದುಕೊಂಡು ಕೇಳಿದಳು. ನಾಯಿ ಬೊಗಳುವುದನ್ನು ಮಕ್ಕಳು ಕೇಳುವ ಹಾಗೆ, ಭಯವಿಲ್ಲದೆ, ಒಂದಕ್ಷರವೂ ತಿಳಿಯದೆ. ನಿನ್ನೆಮೊನ್ನೆಯವರೆಗೆ ತರಕಾರಿ ಮಾರುವಾಗ ಗಿರಾಕಿಗಳ ಜೊತೆ ಅದೇ ಸ್ಪ್ಯಾನಿಷ್‌ನಲ್ಲಿ ಜಗಳ ಕಾಯುತ್ತಿದ್ದ ಹೆಂಗಸು.

‘ಏನಪ್ಪಾ ಸಿನಿಮಾ, ಇವತ್ತು ಅಜ್ಜಿಗೆ ಐದು ಆಟ ತೋರಿಸಿದ್ಯಲ್ಲ, ನಮಗೆ ಅರ್ಧ ಆಟಕ್ಕೇ ಎಬ್ಬಿಸ್ತೀಯ’ ಎಂದ ಪಕ್ಕದ ಕುರ್ಚಿಯ ದೋನ್ ಸಿರಿಲೊ. ಮೂವತ್ತು ವರ್ಷ ಮಿನಿಬಸ್ಸು ಓಡಿಸಿದವನು, ರಕ್ತ ತೊಳೆಯುವ ಯಂತ್ರಕ್ಕೆ ಕೈ ಕೊಟ್ಟು ಕೂತಾಗಲೂ ಕನ್ನಡಿಯಲ್ಲಿ ಹಿಂದಿನವರನ್ನು ನೋಡುವ ಅಭ್ಯಾಸ ಬಿಟ್ಟಿರಲಿಲ್ಲ. ಅವನು ನೋಡಿದ್ದಾನೆ. ಎಲೋಯ್‌ಗೆ ಅದು ತಿಳಿಯಿತು.

ಹೊರದೇಶದ ಯಾವುದೋ ವಿಶ್ವವಿದ್ಯಾಲಯ ಕೊಟ್ಟಿದ್ದು ಕಣ್ಣ ಮುಂದೆ ಚಿತ್ರ ಓಡಿಸುವ ನಾಲ್ಕು ಕನ್ನಡಕ. ಹಾಕಿಕೊಂಡರೆ ಸುತ್ತ ಕಾಡು. ತಲೆ ಎತ್ತಿದರೆ ಮರದ ತುದಿ, ಬಗ್ಗಿದರೆ ಕಾಲಬುಡದಲ್ಲಿ ಜರೀಗಿಡ, ತಿರುಗಿದರೆ ಹಳ್ಳದ ನೀರು. ಸಮುದ್ರವೂ ಇತ್ತು, ಆದರೆ ಹಿಂದೊಮ್ಮೆ ಯುದ್ಧದಲ್ಲಿ ಕರಾವಳಿಯನ್ನೆಲ್ಲ ಚಿಲಿಗೆ ಕಳೆದುಕೊಂಡ ಈ ದೇಶದಲ್ಲಿ ಅದನ್ನು ತೋರಿಸಿ ಫಲವಿರಲಿಲ್ಲ. ‘ಚಿಲಿಯವರು ವಾಪಸ್ ಕೊಟ್ರಾ ಸಮುದ್ರಾನ? ಹಾಗಾದ್ರೆ ಎದ್ದು ನಿಲ್ಬೇಕಲ್ಲಪ್ಪ, ಕಿತ್ತುಹಾಕು ಈ ನಳಿಗೆ’ ಎಂದು ಸಿರಿಲೊ ಮೊದಲ ದಿನವೇ ರಂಪ ಮಾಡಿದ್ದ. ಅವನ ರಕ್ತದೊತ್ತಡ ಇಳಿಯುವ ಬದಲು ಏರಿತ್ತು. ಕಾಡು ಮಾತ್ರ ಎಲ್ಲರಿಗೂ ಹಿಡಿಸಿತು. ನಗರದ ಕೆಳಗೆ, ಘಟ್ಟ ಇಳಿದರೆ ಸಿಗುವ ಯುಂಗಾಸ್ ಸೀಮೆಯಲ್ಲೇ ಚಿತ್ರ ತೆಗೆದದ್ದಂತೆ. ಎಂಟು ನಿಮಿಷದ ಕಾಡು. ಅಷ್ಟರಲ್ಲಿ ಸೂಜಿಯ ನೋವು ಮರೆಯುತ್ತದೆ, ನಾಡಿ ಇಳಿಯುತ್ತದೆ, ರೋಗಿ ತನ್ನ ಮೈಯನ್ನು ಒಂದು ಗಳಿಗೆ ಕೆಳಗಿಟ್ಟು ಬರುತ್ತಾನೆ. ಎಲೋಯ್ ಇದನ್ನು ಕಣ್ಣಾರೆ ಕಂಡಿದ್ದ. ಅವನ ಹನ್ನೊಂದು ವರ್ಷದ ಕೆಲಸದಲ್ಲಿ ಯಾರಿಗೂ ನೋವು ಕೊಡದ ಕೆಲಸ ಇದೊಂದೇ ಆಗಿತ್ತು. ನಿಯಮ ಸುಲಭ: ಎಂಟು ನಿಮಿಷಕ್ಕೆ ನಿಲ್ಲಿಸು, ಮೆಲ್ಲಗೆ ತೆಗೆ, ಫೈಲಿನಲ್ಲಿರುವ ಹೆಸರಿನಿಂದ ಕರೆ, ಎಲ್ಲಿದ್ದಾರೆಂದು ನೆನಪಿಸು.

ಇವತ್ತು ಅವನು ನಿದ್ದೆಹೋಗಿದ್ದ. ಚಿಕ್ಕವನಿಗೆ ಎರಡು ದಿನದಿಂದ ಜ್ವರ, ಹೆಂಡತಿಗೆ ಕಾರ್ಖಾನೆ ಪಾಳಿ. ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತವನು ಹಾಗೆಯೇ ಎದ್ದು ಕೇಬಲ್ ಬಂಡಿ ಹತ್ತಿ ಇಳಿದು ಬಂದಿದ್ದ. ಆಕೆಯ ಕುರ್ಚಿಯ ಪಕ್ಕ ಸ್ಟೂಲಿನ ಮೇಲೆ, ನಾಡಿ ಹಿಡಿದು ಎಣಿಸುತ್ತ ಕುಳಿತಾಗ, ಕನ್ನಡಕದ ಬದಿಯಿಂದ ನೀರಿನ ಸದ್ದು ಸಣ್ಣಗೆ ಸೋರುತ್ತಿತ್ತು. ಎಪ್ಪತ್ತೆರಡು, ಎಪ್ಪತ್ತಮೂರು ಎಂದು ಎಣಿಸಿದ್ದು ನೆನಪು. ಎದ್ದಾಗ ಗೋಡೆ ಗಡಿಯಾರದಲ್ಲಿ ನಲವತ್ತು ನಿಮಿಷ ಸರಿದಿತ್ತು. ಕಾಡು ಮುಗಿದು ಮತ್ತೆ ಶುರುವಾಗಿ, ಮತ್ತೆ ಮುಗಿದು, ಐದು ಸುತ್ತು ತಿರುಗಿತ್ತು. ಆಕೆಯ ಗದ್ದ ಎದೆಗೆ ತಗುಲಿತ್ತು. ಗಾಬರಿಯಲ್ಲಿ ಅವನಿಗೆ ನಿಯಮವೂ ಅಜ್ಜಿಯೂ ಒಟ್ಟಿಗೇ ನೆನಪಾದರು. ಹೊಲದಿಂದ ಹೊರಡುವಾಗ, ತೊರೆ ದಾಟುವಾಗ, ಅಜ್ಜಿ ಕಂಬಳಿಯಿಂದ ನೆಲವನ್ನು ಬಡಿದು, ‘ಎಲೋಯ್, ಬಾ, ಇಲ್ಲೇ ಉಳೀಬೇಡ’ ಎಂದು ಮೂರು ಸಲ ಕೂಗುತ್ತಿದ್ದಳು. ಹೆದರಿದ ಜಾಗದಲ್ಲಿ, ಮನಸೋತ ಜಾಗದಲ್ಲಿ, ನೀರಿನ ಬದಿಯಲ್ಲಿ ಜೀವ ಹಿಂದುಳಿದುಬಿಡುತ್ತದೆ, ಮೈ ಮಾತ್ರ ಮನೆಗೆ ಬರುತ್ತದೆ. ಅದಕ್ಕೇ ಮೂರು ಸಲ ಕರೆದ. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡಿದ್ದ.

ಡಾಕ್ಟರ್ ಇರಿಯಾರ್ತೆ ಬಂದು ಆಕೆಯ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು, ಬೆರಳು ಹಿಡಿಸಿ ನೋಡಿದಳು. ಎಲ್ಲ ಮುದುಕಿಯರೂ ಈ ಡಾಕ್ಟರಿಗೆ ಮಾಮಿತಾ, ಪುಟ್ಟ ತಾಯಿ. ‘ಹೆಸರೇನು ಮಾಮಿತಾ? ಹೆಸರು ಹೇಳಿ ನೋಡೋಣ.’

‘ಎದುವಿಹೆಸ್!’ ಎಂದಳು ಆಕೆ, ತನ್ನತ್ತ ತೋರಿದ ಬೆರಳನ್ನು ನೋಡಿ, ಶಾಲೆಯಲ್ಲಿ ಹಾಜರಿ ಹೇಳುವ ಮಗುವಿನ ಹಾಗೆ ಎತ್ತರದ ದನಿಯಲ್ಲಿ.

‘ಸರಿಯಾಗಿ ಹೇಳ್ತಿದಾರಲ್ಲ. ವಯಸ್ಸೆಷ್ಟು?’

ಪ್ರಶ್ನೆ ತಿಳಿಯಲಿಲ್ಲ. ಎಲೋಯ್ ತಲೆ ತಗ್ಗಿಸಿ ಅಯ್ಮಾರದಲ್ಲಿ ಅದನ್ನೇ ಕೇಳಿದ. ಆಕೆ ಬಲಗೈಯ ಐದೂ ಬೆರಳನ್ನು ಬಿಡಿಸಿ ತೋರಿಸಿದಳು. ಆಮೇಲೆ ಆ ಬೆರಳುಗಳ ಗಂಟುಗಳನ್ನು ನೋಡಿ ಮುಖ ಸಿಂಡರಿಸಿ, ಕೈಯನ್ನು ಲಂಗದ ಮಡಿಕೆಯೊಳಗೆ ಬಚ್ಚಿಟ್ಟಳು.

‘ಎಷ್ಟು ಹೊತ್ತು ಹಾಕಿದ್ರಿ ಕನ್ನಡಕ?’ ಡಾಕ್ಟರ್ ಕೇಳಿದಳು.

‘ಎಂಟು ನಿಮಿಷ’ ಎಂದ ಎಲೋಯ್. ‘ಹತ್ತಾಗಿರಬಹುದು.’ ಸಿರಿಲೊ ಕಡೆ ನೋಡಲಿಲ್ಲ. ಸಿರಿಲೊ ತನ್ನ ಯಂತ್ರದ ಕಡೆ ತಿರುಗಿಕೊಂಡ. ತಲೆಯ ಚಿತ್ರ ತೆಗೆಸಬೇಕು, ಮಗಳಿಗೆ ಹೇಳಿಕಳಿಸಿ ಎಂದು ಡಾಕ್ಟರ್ ಹೋದಳು. ಎಲೋಯ್ ಹಾಳೆಯಲ್ಲಿ ನಾಡಿಯ ಲೆಕ್ಕದ ಮುನ್ನ, ನಂತರ ಎಂಬ ಎರಡು ಖಾನೆಗಳನ್ನು ನೋಡುತ್ತ ನಿಂತ. ನಂತರ ಎಂಬಲ್ಲಿ ಅರವತ್ತೆಂಟು ಎಂದು ತನ್ನದೇ ಅಕ್ಷರದಲ್ಲಿ ಬರೆದಿತ್ತು. ಯಾವಾಗ ಬರೆದೆನೋ ನೆನಪಾಗಲಿಲ್ಲ. ಎಷ್ಟೋ ದಿನಗಳಿಂದ ಅವನು ಹೀಗೆ, ಸರಿಕಾಣುವ ಅಂಕಿ ಬರೆಯುವುದನ್ನು ಕಲಿತುಬಿಟ್ಟಿದ್ದ. ಆಕೆ ಮಾತ್ರ ಅವನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಕರೆದವನು ಇವನು, ಇವನ ಜೊತೆಗೇ ಹೋಗಬೇಕು ಎಂದು ತೀರ್ಮಾನಿಸಿದವಳ ಹಿಡಿತ ಅದು. ಬಿಡಿಸಲು ನೋಡಿದರೆ ತುಟಿ ನಡುಗಿತು. ‘ಅವ್ವ ಎಲ್ಲಿ?’ ಎಂದಳು. ‘ನೀರು ತರೋಕೆ ಹೋಗ್ತೀನಿ ಅಂತ ಹೇಳಿ ಬಂದಿದೀನಿ. ಬೈತಾಳೆ.’

ಮಗಳು ಬಾಸಿಲಿಯಾ ಮಾರುಕಟ್ಟೆಯಿಂದ ಹಾಗೆಯೇ ಬಂದಳು, ಏಪ್ರನ್ನಿನ ಮೇಲೆ ಪಪ್ಪಾಯಿಯ ಬೀಜ ಅಂಟಿಕೊಂಡಿತ್ತು. ತಾಯಿ ಅವಳನ್ನು ನೋಡಿ ಎಲೋಯ್‌ನ ಹಿಂದೆ ಸರಿದಳು. ಬಾಸಿಲಿಯಾ ಅಳಲಿಲ್ಲ. ಕುರ್ಚಿಯ ಕೈಮೇಲೆ ಬಿದ್ದಿದ್ದ ಕನ್ನಡಕವನ್ನು ನೋಡಿದಳು.

‘ಈ ಹೇಸರಗತ್ತೆ ಕಣ್ಣುಪಟ್ಟಿ ಕಟ್ಟಿ ಕಾಡಿಗೆ ಕಳಿಸ್ತೀರಲ್ಲ, ಅಲ್ಲಿಂದ ಬರ್ತಾ ಕರೆದ್ರಾ?’

‘ಕರೆದೆ ಅಕ್ಕ. ಮೂರು ಸಲ ಕರೆದೆ.’

‘ಏನಂತ ಕರೆದೆ?’

‘ಎದುವಿಹೆಸ್ ಅಂತ.’

ಬಾಸಿಲಿಯಾ ಹಣೆಗೆ ಕೈ ಹಚ್ಚಿದಳು. ‘ಅಯ್ಯೋ ಪುಣ್ಯಾತ್ಮ! ಅದು ಅವ್ವನ ಹೆಸರಲ್ಲ, ಅವ್ವನ ಕಾಗದದ ಹೆಸರು.’

‘ಎರಡಕ್ಕೂ ಏನು ವ್ಯತ್ಯಾಸ?’

‘ನಿಮ್ಮ ಊರ ಕಡೆ ಇಲ್ವಾ ಇದು? ಅವ್ವ ಹುಟ್ಟೋಕ್ಕಿಂತ ಮೊದಲು ಅಕ್ಕ ಒಬ್ಬಳಿದ್ಲು, ಎದುವಿಹೆಸ್ ಅಂತ. ಐದು ವರ್ಷದವಳು. ಹಳ್ಳಕ್ಕೆ ನೀರಿಗೆ ಹೋದವಳು ಬರಲಿಲ್ಲ. ಆಮೇಲೆ ನಮ್ಮವ್ವ ಹುಟ್ಟಿದ್ಲು. ಹೊಸ ಜನನದ ಕಾಗದ ಮಾಡಿಸ್ಬೇಕಂದ್ರೆ ಎರಡು ದಿನ ಘಟ್ಟ ಹತ್ತಿ ಇಳೀಬೇಕು. ಮನೇಲಿ ಒಂದು ಕಾಗದ ಇತ್ತು, ಉಪಯೋಗಕ್ಕೆ ಬಾರದ್ದು. ಅದನ್ನೇ ಇವಳಿಗೆ ಇಟ್ಟರು. ನಮ್ಮವ್ವ ಹುಟ್ಟೋವಾಗ್ಲೇ ಆರು ವರ್ಷದವಳು ಅಂತ ನಾವು ತಮಾಷೆ ಮಾಡ್ತಿದ್ವಿ.’ ಅವಳು ತಾಯಿಯ ಮುಖವನ್ನೇ ನೋಡುತ್ತ ದನಿ ತಗ್ಗಿಸಿದಳು. ‘ನೀನು ಆ ನೀರಿನ ಹತ್ತಿರ ನಿಂತು ಅವಳನ್ನ ಕರೆದಿದೀಯ, ತಮ್ಮಾ. ಅವಳು ಬಂದಿದಾಳೆ.’

ಯಂತ್ರಗಳು ಒಂದೇ ಸಮನೆ ಗುಂಯ್ಗುಡುತ್ತಿದ್ದವು. ಎಲೋಯ್‌ಗೆ ನಗು ಬರಬೇಕಿತ್ತು, ಬರಲಿಲ್ಲ. ಒತ್ತಡ ಇಳಿದರೆ ಮುದುಕರಿಗೆ ಹೀಗೆ ಭ್ರಮೆ ಆಗುತ್ತದೆ ಎಂದು ಅವನು ಓದಿದ್ದ, ಹೇಳಲು ಬಾಯಿಯನ್ನೂ ತೆರೆದ. ಆದರೆ ಅಂಗಿ ಹಿಡಿದಿದ್ದ ಆ ಮುಷ್ಟಿ ಐದು ವರ್ಷದ್ದು. ಮನೆಯಲ್ಲಿ ಅಂಥ ಮುಷ್ಟಿಗಳಿಂದ ಬೆರಳು ಬೆರಳಾಗಿ ಬಿಡಿಸಿಕೊಂಡೇ ಅವನು ದಿನಾ ಕೆಲಸಕ್ಕೆ ಬರುವವನು, ಅದರ ತೂಕ ಅವನಿಗೆ ಗೊತ್ತಿತ್ತು. ‘ಹಾಗಾದ್ರೆ ಅಮ್ಮನ ಹೆಸರೇನು? ಹೇಳಿ, ಆ ಹೆಸರಲ್ಲಿ ಕರೆಯೋಣ’ ಎಂದ.

‘ಅವ್ವ.’

‘ಅದಲ್ಲ, ಹೆಸರು.’

‘ನಂಗೇನು ಗೊತ್ತು? ನಾವೆಲ್ಲ ಅವ್ವ ಅಂದ್ವಿ, ಅಪ್ಪ ಏ ಅಂತಿದ್ದ, ಗಿರಾಕಿಗಳು ತರಕಾರಿಯಮ್ಮ ಅಂದ್ರು. ನೀವು ಎದುವಿಹೆಸ್ ಅಂದ್ರಿ.’

ಆಗ ಅವನಿಗೆ ನೆನಪಾಯಿತು. ಪ್ರತಿ ಸಲ ಕಾಡು ಮುಗಿಯುವಾಗ, ಅವನು ಪಟ್ಟಿಗೆ ಕೈ ಹಾಕುವ ಮೊದಲು, ಆಕೆ ತನ್ನಷ್ಟಕ್ಕೆ ಏನನ್ನೋ ಪಿಸುಗುಡುತ್ತಿದ್ದಳು. ಮೂರು ಸಲ. ಅಂಗೈಯಿಂದ ಮೊಣಕಾಲಿಗೆ ಮೆಲ್ಲಗೆ ಬಡಿದುಕೊಳ್ಳುತ್ತಿದ್ದಳು. ಆಕೆ ತನ್ನನ್ನು ತಾನೇ ಕರೆದುಕೊಂಡು ಬರುತ್ತಿದ್ದಳು. ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ. ಇಪ್ಪತ್ತೈದಕ್ಕೂ ಹೆಚ್ಚು ಸಲ ಆ ಹೆಸರು ಅವನ ಕಿವಿಯಿಂದ ಒಂದು ಗೇಣು ದೂರದಲ್ಲಿ ಆಡಿಹೋಗಿತ್ತು; ಪ್ರಪಂಚದಲ್ಲಿ ಅದನ್ನು ಕೇಳಬಹುದಾಗಿದ್ದವನು ಅವನೊಬ್ಬನೇ. ಅವನು ಅಂಕಿ ಬರೆಯುತ್ತಿದ್ದ.

ಅವನು ಅಂಗಿ ಬಿಡಿಸಿಕೊಂಡು ನೇರವಾಗಿ ಡಾಕ್ಟರ್ ಕೋಣೆಗೆ ಹೋಗಿ ನಲವತ್ತು ನಿಮಿಷ ಎಂದ.

‘ಏನು ನಲವತ್ತು?’

‘ಕನ್ನಡಕ. ನಾನು ನಿದ್ದೆ ಹೋಗಿದ್ದೆ. ನಂತರದ ಅಂಕಿ ಸುಳ್ಳು. ಒತ್ತಡ ಯಾವಾಗ ಬಿತ್ತೋ ನಾನು ನೋಡಿಲ್ಲ.’

ಡಾಕ್ಟರ್ ಇರಿಯಾರ್ತೆ ಅವನನ್ನು ವಾರ್ಡಿಗೆ ಕರೆತಂದು ಎಲ್ಲರ ನಡುವೆ ನಿಲ್ಲಿಸಿಯೇ ಮಾತಾಡಿದಳು. ನರ್ಸುಗಳು ಟ್ರೇಗಳನ್ನು ಜೋಡಿಸುತ್ತಿರುವಂತೆ ನಟಿಸಿದರು. ‘ಮಲಗೋದಕ್ಕೆ ಬರೋದಾದ್ರೆ ಮನೇಲೇ ಮಲಗಿ. ಬೆಳಿಗ್ಗೆನೇ ಹೇಳಿದ್ರೆ ಆಗಲೇ ಸಲೈನ್ ಹಾಕ್ತಿದ್ದೆ. ಒಂದು ಸುಳ್ಳಿಗೆ ಎರಡು ಗಂಟೆ ಹಾಳು ಮಾಡಿದ್ರಿ ಈ ಮಾಮಿತಾದು. ನಾಳೆ ಬರಹದಲ್ಲಿ ಕೊಡಿ.’ ಅವನು ಹೂಂ ಹೂಂ ಎಂದ. ವಾರ್ಡಿಗೆ ಎಪ್ಪತ್ತು ಕಣ್ಣುಗಳಿದ್ದ ಹಾಗಿತ್ತು. ಸಲೈನ್ ಹನಿಯತೊಡಗಿತು. ಡಾಕ್ಟರ್ ಸ್ಕ್ಯಾನಿಂಗ್ ವಿಭಾಗಕ್ಕೆ ಫೋನು ಮಾಡಲು ಒಳಗೆ ಹೋದಳು. ಅವಮಾನ ಮೈಮೇಲಿಂದ ಇಳಿದುಹೋದ ಮೇಲೆ ಅವನಿಗೆ ವಿಚಿತ್ರವಾಗಿ ಹಗುರವೆನಿಸಿತು. ಸ್ಟೂಲಿನ ಮೇಲೆ ಕೂತು ಕನ್ನಡಕವನ್ನು ತನ್ನ ಮುಖಕ್ಕೆ ಹಾಕಿಕೊಂಡ.

ರೋಗಿಗಳಿಗೆ ಹಾಕುವುದೇ ಹೊರತು ಅವನು ಎಂದೂ ಪೂರ್ತಿ ಎಂಟು ನಿಮಿಷ ಒಳಗೆ ಕೂತಿರಲಿಲ್ಲ. ಮಂಜು. ಹಸಿರು ಎಂದು ಹೇಳಿ ಮುಗಿಸಲಾಗದ ಹಸಿರು. ಎಡಗಡೆ ಪಾಚಿ ಹಿಡಿದ ಬಂಡೆ, ಅದರ ಕೆಳಗೆ ಹಳ್ಳ, ಹಳ್ಳದ ಆಚೆ ದಡದಲ್ಲಿ ಮರದ ಬೇರುಗಳ ನಡುವೆ ಒಬ್ಬರು ಕೂರುವಷ್ಟು ಕತ್ತಲು. ತಲೆ ತಿರುಗಿಸಿದರೆ ಕಾಡೂ ತಿರುಗಿತು, ಆದರೆ ಒಂದು ಗಳಿಗೆ ತಡವಾಗಿ, ಯಾರೋ ಬೇಗ ಬೇಗ ಜಾಗ ಸರಿಪಡಿಸಿ ಕೊಟ್ಟ ಹಾಗೆ. ತನ್ನ ಕೈ ಎತ್ತಿದ, ಕೈ ಕಾಣಲಿಲ್ಲ. ಇಲ್ಲಿಗೆ ಬಂದವರಿಗೆ ಮೈ ಇರುವುದಿಲ್ಲ ಎಂದು ತಿಳಿದಿದ್ದೂ ಬೆಚ್ಚಿದ. ಹಾಗಾದರೆ ಆಕೆ ಈಗ ಎಲ್ಲಿ ನಿಂತಿದ್ದಾಳೆ ಎಂದು ಹೇಗೆ ಕಾಣುವುದು? ನೀರಿನ ಸದ್ದಿನ ಒಳಗೆ ಇನ್ನೊಂದು ಸದ್ದಿತ್ತು, ಒದ್ದೆ ಲಂಗ ಹಿಂಡಿದ ಹಾಗೆ. ಚಿತ್ರ ತೆಗೆದವರ ಕಾಲ ಸದ್ದಿರಬಹುದು. ಏಳನೆಯ ನಿಮಿಷಕ್ಕೆ ದೂರದಲ್ಲಿ ಒಂದು ಹಕ್ಕಿ ಎರಡು ಸಲ ಕೂಗಿ ಸುಮ್ಮನಾಯಿತು. ಬೆಳಕು ಮಸುಕಾಗತೊಡಗಿತು. ಇದೇ ಹೊತ್ತು. ಈಗಲೇ ಆಕೆ ಪಿಸುಗುಡುತ್ತಿದ್ದದ್ದು. ಎಲೋಯ್ ಕಿವಿಗೊಡಲಿಲ್ಲ, ಕಿವಿಯಲ್ಲಿ ಅದು ಇರಲಿಲ್ಲ. ಕನ್ನಡಕದ ಕೆಳಗೆ ಕಾಣುತ್ತಿದ್ದ ಆಕೆಯ ಬಾಯನ್ನು ನೆನೆದ. ತುಟಿ ಮುಂದಕ್ಕೆ ಬಂದು ಗುಂಡಗಾಗಿ ಬಿಚ್ಚಿಕೊಂಡದ್ದು, ಮತ್ತೆ ಗುಂಡಗಾಗಿ ಮತ್ತೆ ಬಿಚ್ಚಿಕೊಂಡದ್ದು. ಅವನ ತುಟಿಗಳು ಕತ್ತಲಲ್ಲಿ ತಾವಾಗಿ ಹಾಗೆ ಆಡಿದವು. ಹಿಂದೆ, ತೀರಾ ಹತ್ತಿರ, ಯಾರೋ ಉಸಿರು ಹಿಡಿದ ಹಾಗಾಯಿತು.

ಕನ್ನಡಕ ಕಿತ್ತು ಬಾಸಿಲಿಯಾಳ ಎದುರು ದನಿಯಿಲ್ಲದೆ ತುಟಿ ಆಡಿಸಿದ. ‘ಹೀಗೆ. ಹೀಗೆ ಹೇಳ್ತಿದ್ರು. ಎರಡು ಅಕ್ಷರ.’

ಅವಳು ನೋಡಿದಳು. ತಾನೂ ಹಾಗೆ ತುಟಿ ಮಾಡಿದಳು. ‘ವಾವಾ’ ಎಂದಳು. ಅಲ್ಲಿ ಯಾರ ಮನೆಯಲ್ಲೂ ಕೂಸಿಗೆ ಅನ್ನುವ ಮಾತು. ‘ಅಜ್ಜಿ ಸಾಯೋವರೆಗೂ ಅವ್ವನ್ನ ವಾವಾ ಅಂತಿದ್ಲು. ಅದೊಂದು ಹೆಸರಾ?’

‘ಬೇರೆ ಇಡಲೇ ಇಲ್ವೇನೋ ಅಕ್ಕ. ಹೆಸರಿಟ್ರೆ ಈ ಕೂಸೂ ಹೋದೀತು ಅಂತ.’

ಇಬ್ಬರೂ ಸೇರಿ ಕನ್ನಡಕವನ್ನು ಆ ಮುಖಕ್ಕೆ ಹಾಕಿದರು. ಆಕೆ ಬೇಡವೆನ್ನಲಿಲ್ಲ, ಅವನ ಅಂಗಿಯನ್ನು ಮತ್ತೆ ಹಿಡಿದುಕೊಂಡು ಮನೆ ಕಂಡವಳಂತೆ ನಿಟ್ಟುಸಿರು ಬಿಟ್ಟಳು. ಸಿರಿಲೊ ತನ್ನ ಉಣ್ಣೆ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು, ‘ಗಟ್ಟಿಯಾಗಿ ಕರೀಮ್ಮಾ, ಡಾಕ್ಟರ್ ಬಂದ್ರೆ ನಾನು ಎದೆನೋವು ಅಂತ ಕಿರುಚ್ತೀನಿ’ ಎಂದ. ಎಂಟು ನಿಮಿಷವೂ ಎಲೋಯ್ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಬೆಳಕು ಮಸುಕಾಗುವ ಹೊತ್ತಿಗೆ ಎಲೋಯ್ ಕೈ ಸನ್ನೆ ಮಾಡಿದ. ಬಾಸಿಲಿಯಾ ತಾಯಿಯ ಶಾಲನ್ನು ಕುರ್ಚಿಯ ಕಾಲಿಗೆ ಬಡಿದು, ‘ವಾವಾ, ಬಾ, ಹೋಗೋಣ, ಅಲ್ಲೇ ಉಳೀಬೇಡ’ ಎಂದು ಕರೆದಳು. ಎರಡನೆಯ ಸಲಕ್ಕೆ ದನಿ ಒಡೆಯಿತು. ಮೂರನೆಯ ಸಲ ಎಲೋಯ್ ಕೂಡ ಕರೆದ, ಅಯ್ಮಾರದಲ್ಲಿ, ವಾರ್ಡಿಗೆಲ್ಲ ಕೇಳುವ ಹಾಗೆ.

ಅವನ ಅಂಗಿ ಹಿಡಿದಿದ್ದ ಮುಷ್ಟಿ ಸಡಿಲಾಯಿತು. ಆಮೇಲೆ ಆ ಕೈ ಮೆಲ್ಲಗೆ ಮೇಲೆದ್ದು ಶಾಲಿನ ಅಂಚನ್ನು ಹುಡುಕಿ ಬಾಯಿಗೆ ಅಡ್ಡ ಹಿಡಿಯಿತು.

‘ಪಪ್ಪಾಯಿ ನಾರ್ತಿದೀಯಲ್ಲೇ ಬಾಸಿಲಿಯಾ’ ಎಂದಳು ಆಕೆ, ಸ್ಪ್ಯಾನಿಷ್‌ನಲ್ಲಿ, ಒಡಕು ದನಿಯಲ್ಲಿ. ‘ಅಂಗಡಿ ಯಾರ ಕೈಗೆ ಕೊಟ್ಟು ಬಂದೆ?’

ಬಾಸಿಲಿಯಾ ನೆಲದ ಮೇಲೆ ಕುಸಿದು ಕೂತು ತಾಯಿಯ ಮೊಣಕಾಲಿಗೆ ಮುಖ ಒತ್ತಿದಳು. ಸಿರಿಲೊ ಟೊಪ್ಪಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದ. ಎಲೋಯ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಸಲೈನ್ ಬಾಟಲಿ ಮುಕ್ಕಾಲು ಇಳಿದಿತ್ತು, ಡಾಕ್ಟರಿಗೆ ಆ ಕಾರಣ ಸಾಕು. ಆದರೆ ಆಕೆ ಮಗಳ ತಲೆ ಸವರುತ್ತ ಬೇರೆ ಏನನ್ನೋ ಹುಡುಕುತ್ತಿದ್ದಳು. ಕುರ್ಚಿಯ ಬದಿಗೆ ಬಗ್ಗಿ ನೋಡಿದಳು. ಅವನ ಕಾಲ ಹಿಂದೆ ನೋಡಿದಳು.

‘ಆ ಹುಡುಗಿ ಎಲ್ಲಪ್ಪ?’

‘ಯಾವ ಹುಡುಗಿ ಅಮ್ಮ?’

‘ನೀವು ವಾವಾ ಅಂದ್ರಲ್ಲ. ಪಾಪ, ಅವಳೂ ಕೂಸೇ ಅಲ್ವಾ, ತನ್ನನ್ನೂ ಕರೀತಿದಾರೆ ಅಂದ್ಕೊಂಡ್ಲು. ನನ್ನ ಕೈ ಹಿಡ್ಕೊಂಡೇ ಹೊರಟ್ಲು. ನೀರು ದಾಟೋವಾಗ ಕೈ ಜಾರಿಬಿಡ್ತು.’ ಆಕೆ ಅವನ ಕೈಯಲ್ಲಿದ್ದ ಕಪ್ಪು ಕನ್ನಡಕವನ್ನು ನೋಡಿದಳು. ‘ಆಚೆ ದಡದಲ್ಲಿ ನಿಂತಿದಾಳೆ. ಒದ್ದೆಯಾಗಿದಾಳೆ. ನಿಂಗೆ ಹೆಸರು ಗೊತ್ತಲ್ಲ. ಬೆಳಿಗ್ಗೆ ಎಷ್ಟು ಚೆನ್ನಾಗಿ ಕರೆದೆ. ಒಂದ್ಸಲ ಕರಿ ಮಗಾ.’

ಬಾಸಿಲಿಯಾ ತಲೆ ಎತ್ತದೆಯೇ ಅವನ ಕಾಲನ್ನು ಬಿಗಿಯಾಗಿ ಹಿಡಿದಳು. ಬೇಡ ಎಂದು. ಆ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು, ಕರೆದರೆ ಬರುತ್ತಾಳೆ, ಮೊದಲ ಕರೆಗೇ ಬರುತ್ತಾಳೆ, ಅದು ಅವನಿಗೆ ನಾಡಿಯಷ್ಟೇ ಸ್ಪಷ್ಟವಾಗಿ ಗೊತ್ತಿತ್ತು. ಬಂದರೆ ಇರಲು ಇರುವುದು ಒಂದೇ ಮೈ.

‘ಅಲ್ಲಿ ಯಾರೂ ಇಲ್ಲ ಅಮ್ಮ’ ಎಂದ. ‘ಅದು ಬರೀ ಚಿತ್ರ.’

ಆಕೆ ಅವನನ್ನು ನೋಡಿದಳು. ಬೈಯುವವಳ ನೋಟವಲ್ಲ. ‘ಮಕ್ಕಳಿದಾರಾ ನಿಂಗೆ?’

‘ಇಬ್ಬರು.’

‘ಹೂಂ’ ಎಂದು ಆಕೆ ಕಣ್ಣು ಮುಚ್ಚಿಕೊಂಡಳು.

ಡಾಕ್ಟರ್ ಬಂದು ಒತ್ತಡ ನೋಡಿ, ಸಲೈನ್ ನೋಡಿ, ಅಂದುಕೊಂಡದ್ದೇ ಆಯಿತೆಂದು ತಲೆಯಾಡಿಸಿ ಹೋದಳು. ಎಲೋಯ್ ಕನ್ನಡಕಗಳ ಕಪಾಟಿನ ಹತ್ತಿರ ಹೋದ. ಆರಿಸಬೇಕಾದರೆ ಬದಿಯ ಗುಂಡಿಯನ್ನು ಮೂರು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಒಂದು ಎಂದ. ಅಂಗೈಯಲ್ಲಿ ಅದು ಬೆಚ್ಚಗಿತ್ತು. ಒಳಗಿನ ಗಾಜಿನ ಮೇಲೆ ಹಸಿರು ಬೆಳಕು ಅಲುಗುತ್ತಿತ್ತು, ನೀರು ಹರಿಯುತ್ತಿತ್ತು. ಎರಡು ಎಂದ. ಬೆರಳು ತೆಗೆದ. ಕನ್ನಡಕವನ್ನು ಮೇಲುಮುಖವಾಗಿ ಇಟ್ಟು, ಚಾರ್ಜಿನ ವಯರು ಸಿಕ್ಕಿಸಿ, ಬಾಗಿಲನ್ನು ಪೂರ್ತಿ ಮುಚ್ಚದೆ ಒಂದು ಬೆರಳಿನಷ್ಟು ಸಂದಿ ಬಿಟ್ಟ, ಒಬ್ಬಳೇ ಮಲಗಲು ಹೆದರುವ ಮಗುವಿನ ಕೋಣೆಗೆ ಬಿಡುವ ಹಾಗೆ. ಮತ್ತೆ ಬರಿಗೈಯಲ್ಲಿ ಮುಂದಿನ ಕುರ್ಚಿಯ ಕಡೆ ನಡೆದ.